ಪುಕ್ಕಟೆ ಆಟದ ಫ್ಲಾಪಿಗಳು

ನನ್ನ ತಮ್ಮ ನಂಬಿ ಕೊಟ್ಟ ಫ್ಲಾಪಿಗಳನ್ನು ನಾನು ಜೋಪಾನ ಮಾಡಲಿಲ್ಲ. ಅವುಗಳಲ್ಲಿ ಅವನೊಬ್ಬನೇ ಕೂತು ಮಾಡಿದ ಕಂಪ್ಯೂಟರ್ ಆಟವಿತ್ತು. ಭಟ್ಟಿಯಿಂದ ಸಿಡಿಯುವ ಮಂಡಕ್ಕಿಯನ್ನು ಬುಟ್ಟಿಯಲ್ಲಿ ಹಿಡಿಯುವ ಆಟ. ಕಂಪ್ಯೂಟರ್ ಕ್ಲಾಸುಗಳ ಬಾಗಿಲಲ್ಲಿ ನಿಂತು, ಅಂಗಿಯ ತುದಿಯಿಂದ ಫ್ಲಾಪಿ ಒರೆಸಿ ಕೊಡುತ್ತಾ, "ಪುಕ್ಕಟೆ ಐತ್ರಿ, ಆಡಿ ನೋಡ್ರಿ" ಎನ್ನುತ್ತಿದ್ದ.

ನಿಟ್ಟುವಳ್ಳಿಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ಹರಿಹರದ ಮದುವೆಯೊಂದಕ್ಕೆ ನಾನು ಸ್ಪೀಕರ್ ಒಯ್ಯಲು ಹೊರಟಾಗ, ಅಲ್ಲಿನ ಕಂಪ್ಯೂಟರ್ ಕ್ಲಾಸಿಗೆ ಮುಟ್ಟಿಸಲು ತಮ್ಮ ಫ್ಲಾಪಿಗಳನ್ನು ಕೊಟ್ಟ.

"ಅಣ್ಣಾ, ಸ್ಪೀಕರ್ ಹತ್ರ ಇಡಬ್ಯಾಡ. ಮ್ಯಾಗ್ನೆಟ್‌ಗೆ ಎಲ್ಲಾ ಅಳಿಸಿ ಹೋಗ್ತೈತೆ."

"ಆತು ಬಿಡೋ ಮಾರಾಯ" ಎಂದವನು, ಧೂಳು ಕೂರದಿರಲೆಂದು ಸ್ಪೀಕರ್ ಡಬ್ಬದೊಳಗೇ ತುರುಕಿದೆ.

ಹರಿಹರದಲ್ಲಿ ಒಂದೂ ತೆರೆಯಲಿಲ್ಲ. ಕ್ಲಾಸಿನವರು ನಕ್ಕು ವಾಪಸು ಕೊಟ್ಟರು. ತನ್ನ ಆಟವೇ ಕೆಟ್ಟಿದೆಯೆಂದುಕೊಂಡ ತಮ್ಮ ಹಂಚುವುದನ್ನೇ ನಿಲ್ಲಿಸಿದ. ನಾನು ಬಾಯಿ ಬಿಡಲಿಲ್ಲ.

ಕೊನೆಗೆ ಅವನು ಫ್ಲಾಪಿಗಳನ್ನೆಲ್ಲ ಗುಜರಿಗೆ ಒಯ್ಯಲು ಹೊರಟಾಗ ತಡೆಯಲಾಗದೆ ಹೇಳಿದೆ: "ಸ್ಪೀಕರ್ ಡಬ್ಬದಾಗೆ ಇಟ್ಟಿದ್ದೆ ಕಣೋ."

ಬೈಯುತ್ತಾನೆಂದುಕೊಂಡಿದ್ದೆ. ಅವನ ಮುಖ ಅರಳಿತು. "ಹಂಗಾದ್ರೆ ನನ್ನ ಆಟ ಸರಿ ಐತೇನಣ್ಣಾ?"

ಮರುದಿನವೇ ಆಟವನ್ನು ಮತ್ತೆ ತುಂಬಿ, ಫ್ಲಾಪಿಗಳನ್ನು ಅಂಗಿಯ ತುದಿಯಿಂದ ಒರೆಸಿ, ಹರಿಹರಕ್ಕೆಂದು ನನ್ನ ಕೈಗೇ ಇಟ್ಟ. ಅವನ್ನು ಎದೆಯ ಜೇಬಿಗೆ ಹಾಕಿಕೊಂಡು ಅಂದೆ: "ನಂದು ತಪ್ಪಾತೋ ತಮ್ಮಾ."