ಕೂಸಿನ ಎದುರಿಗೇ ಹೇಳ್ರಿ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಆಗ ನಾನು ಕರಜಗಿಯ ಶಾಲೆಯಲ್ಲಿ ಐದನೆಯ ತರಗತಿ. ಎಡದವಡೆ ಊದಿಕೊಂಡಿತ್ತು. ನೋವಿಲ್ಲ, ಜ್ವರವಿಲ್ಲ, ಹಲ್ಲುಗಳು ಮಾತ್ರ ಪಕ್ಕಕ್ಕೆ ವಾಲತೊಡಗಿದ್ದವು. ಅತ್ತೆ ದವಡೆ ಒತ್ತಿ ನೋಡಿ, ಹೊಸ ಪುಸ್ತಕ ತಂದಿದ್ದ ಅಪ್ಪನಿಗೆ, “ಇದಕ್ಯಾಕ ಪುಸ್ತಕ? ಮೊದಲ ಉಳೀಬೇಕಲ್ಲ,” ಅಂದಳು. ನಾನು ಅಲ್ಲೇ ಕೂತಿದ್ದೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು, ಗಡ್ಡೆಯ ಚೂರು ತೆಗೆದು ತಪಾಸಣೆಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದರು. ಅಪ್ಪ ನಗುತ್ತ ತಿರುಗಿ ಬಂದು, ಕ್ಯಾನ್ಸರ್ ಅಲ್ಲವಂತೆ, ಏನೂ ಇಲ್ಲವಂತೆ, ಆಪರೇಷನ್ ಮಾಡಿದರೆ ಮುಗೀತಂತೆ ಅಂದ. ನಾನು ನಂಬಲಿಲ್ಲ. ತೀರಿಕೊಂಡ ನಮ್ಮಜ್ಜ, ಮುತ್ಯಾನಿಗೂ ಹೀಗೇ ಹೊರಗೆ ಮಾತಾಡಿ ಬಂದು ‘ಏನೂ ಇಲ್ಲ’ ಅಂದಿದ್ದರು. ನಮ್ಮ ಕಡೆ ಸಾಯುವವರಿಗೇ ಹಾಗೆ ಹೇಳುವುದು. ಏನೂ ಇಲ್ಲದಿದ್ದರೆ ಕೊಯ್ಯುವುದು ಯಾಕೆ? ನಾನು ಕೇಳದೆಯೇ ಅಪ್ಪ ಐಸ್‌ಕ್ರೀಮ್ ಬೇರೆ ಕೊಡಿಸಿದ. ಸಂಶಯ ಗಟ್ಟಿಯಾಯಿತು. ಡಾಕ್ಟರು ಹಲ್ಲು ನೋಡಲು ಬಂದಾಗ ಬಾಯೇ ತೆರೆಯಲಿಲ್ಲ.

ಮುತ್ಯಾನಿಗೆ ಸುಳ್ಳು ಹೇಳಿದವರಲ್ಲಿ ಆಯಿಯೂ ಒಬ್ಬಳು. ಆ ಅಜ್ಜಿಗೆ ನನ್ನ ಮುಖ ನೋಡಿಯೇ ತಿಳಿಯಿತು. “ಸಾಹೇಬ್ರ, ಏನ್ ಹೇಳೋದದ, ಕೂಸಿನ ಎದುರಿಗೇ ಹೇಳ್ರಿ,” ಅಂದಳು.

ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಎಲುಬಿನೊಳಗೆ ಗಡ್ಡೆ ಬೆಳೆದಿದೆ, ಕ್ಯಾನ್ಸರಿನಂತೆ ಮೈಗೆಲ್ಲ ಹರಡುವುದಲ್ಲ, ಆದರೆ ಬಿಟ್ಟರೆ ದವಡೆಯನ್ನೇ ತಿನ್ನುತ್ತದೆ. ಬಾಯೊಳಗಿಂದ ಕೆರೆದು ತೆಗೆಯಬೇಕು, ಎರಡು ಹಲ್ಲು ಹೋಗುತ್ತವೆ ಎಂದರು.

“ಮತ್ತ ಬರ್ತದೇನ್ರಿ?” ಎಂದು ನಾನೇ ಕೇಳಿದೆ.

“ಬಂದರೂ ಬರಬಹುದವ್ವ. ಅದಕ್ಕೇ ವರ್ಷಾ ತಪ್ಪದಂಗ ತೋರಿಸಬೇಕು.”

ಸಮಾಧಾನಕ್ಕೆ ಸುಳ್ಳು ಹೇಳುವವರು ಈ ಮಾತು ಹೇಳುವುದಿಲ್ಲ. ಬಾಯಿ ತೆರೆದೆ.

ಆಪರೇಷನ್ ಆದ ಮೇಲೆ ಬಹಳ ದಿನ ಬರೀ ಜೋಳದ ಗಂಜಿ. ರೊಟ್ಟಿ ಅಗಿಯಲು ಬಂದಾಗ ಅದೇ ಪುಸ್ತಕ ಹಿಡಿದು ಶಾಲೆಗೆ ಹೋದೆ. ಪ್ರತಿವರ್ಷ ತೋರಿಸಿಕೊಂಡು ಬಂದಾಗಲೂ ಅತ್ತೆಯದು ಒಂದೇ ಪ್ರಶ್ನೆ: ಡಾಕ್ಟರು ಏನೂ ಮುಚ್ಚಿಟ್ಟಿಲ್ಲ ತಾನೆ? ನಮ್ಮ ಮನೆಯಲ್ಲಿ ಏಳನೆಯ ತರಗತಿ ದಾಟಿದವರಿರಲಿಲ್ಲ. ರಜೆಯಲ್ಲಿ ಕಬ್ಬಿನ ಹೊಲದ ಕೂಲಿ ಮಾಡಿ, ನಿಂತುಕೊಂಡೇ ಬಸ್ಸಿನಲ್ಲಿ ಓದಿ, ನಾನು ದಾಟಿದೆ.

ಹೋದ ವರ್ಷ ಅಫಜಲಪುರದ ಕಾಲೇಜಿನಲ್ಲಿ ಪದವಿ ಪ್ರಮಾಣಪತ್ರ ಕೊಟ್ಟರು. ಹೊರಗೆ ಕಾಯುತ್ತಿದ್ದ ಅತ್ತೆಗೆ ಅದನ್ನು ಚಾಚಿದೆ. ಅವಳು ಮೊದಲು ಹೆಬ್ಬೆರಳಿನಿಂದ ನನ್ನ ಎಡದವಡೆ ಒತ್ತಿ ನೋಡಿದಳು. ಆಮೇಲೆ ಕಾಗದ ತೆಗೆದುಕೊಂಡಳು.

“ಗಟ್ಟೀನೇ ಅದ. ಆದ್ರೂ ಈ ವರ್ಷ ತೋರ್ಸಿ ಬಾ ಬೇ. ಮುಂದಿನ ಪುಸ್ತಕ ನಾ ಕೊಡಸ್ತೇನಿ.”