ರೇಟು ಬರಲಿ, ತಾಳಿ

ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನಾನು ತೆರೆಯುವುದು ಪೇಟೆ ಧಾರಣೆಯ ಪುಟ. ಯುದ್ಧ, ಚುನಾವಣೆ, ಕ್ರಿಕೆಟ್ಟು, ಯಾರು ತೀರಿಕೊಂಡರು ಎಂಬುದೆಲ್ಲ ಆಮೇಲೆ. ಕೊಬ್ಬರಿ ವ್ಯಾಪಾರ ಬಿಟ್ಟು ವರ್ಷಗಳೇ ಆದವು. ಅಜ್ಜಂಪುರದ ನಮ್ಮ ಅಂಗಡಿಯಲ್ಲಿ ಈಗ ಯಾರೋ ಮೊಬೈಲು ರಿಪೇರಿ ಮಾಡುತ್ತಾರೆ. ಮಾರೋಣವೆಂದರೆ ನನ್ನ ಹತ್ತಿರ ಒಂದು ಗಿಟುಕೂ ಇಲ್ಲ. ಆದರೂ ತಿಪಟೂರಿನಲ್ಲಿ ಕೊಬ್ಬರಿ ಏರಿದೆ ಎಂದು ಓದಿದರೆ ಮೈಯಲ್ಲಿ ಏನೋ ಹುರುಪು, ಇಳಿದಿದೆ ಎಂದರೆ ಕುಡಿಯುತ್ತಿರುವ ಕಾಫಿ ಸಪ್ಪೆ. ನನ್ನ ಹೆಂಡತಿ ಕಮಲ ಇದನ್ನು ರೋಗ ಎನ್ನುತ್ತಾಳೆ. "ಮಾರೋರಿಗೇ ಇಲ್ದಿರೋ ಚಿಂತೆ ನಿಮಗ್ಯಾಕ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಾಳೆ.

ರೋಗವೇ ಆದರೆ ಅದು ವಂಶಪಾರಂಪರ್ಯವಾಗಿ ಬಂದದ್ದು. ನಮ್ಮಪ್ಪ ಸಂಜೆ ರೇಡಿಯೋದಲ್ಲಿ ಧಾರಣೆ ಹೇಳುವ ಹೊತ್ತಿಗೆ ಮನೆಯಲ್ಲಿ ಯಾರನ್ನೂ ಕೆಮ್ಮಲು ಬಿಡುತ್ತಿರಲಿಲ್ಲ. ನಮ್ಮ ಕಡೆ ಕಾಯುವುದೂ ಒಂದು ಕಸುಬು ನೋಡಿ. ತೆಂಗಿನಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಟಲೊಟ ಎಂದರೆ ಆಯಿತೆಂದು ಲೆಕ್ಕ. ಆದಮೇಲೆ ಇಳಿಸಿ ಮಾರುತ್ತಾರೆ ಎಂದುಕೊಂಡಿರಾ? ಇಲ್ಲ, ಅಲ್ಲಿಂದ ಎರಡನೆಯ ಕಾಯುವಿಕೆ ಶುರು. "ರೇಟು ಬರ್ಲಿ, ತಾಳಿ" ಎನ್ನುತ್ತಿದ್ದರು ಅಪ್ಪ. ಅಮ್ಮನ ಸೀರೆ, ನನ್ನ ಸೈಕಲ್ಲು, ಸೋರುವ ಹೆಂಚು ಎಲ್ಲವೂ ಅಟ್ಟದ ಮೇಲೆ ಕೊಬ್ಬರಿಯ ಜೊತೆ ರೇಟಿಗಾಗಿ ಕಾಯುತ್ತಿದ್ದವು. ಒಂದು ವರ್ಷವಂತೂ ಕಾದೂ ಕಾದೂ ಕೊಬ್ಬರಿ ಕಮಟು ಹಿಡಿದು, ಕೊನೆಗೆ ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿ ಮನೆಮಂದಿಯೆಲ್ಲ ತಲೆಗೆ ಹಚ್ಚಿಕೊಂಡೆವು. ಆ ವರ್ಷ ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ.

ವಿನಿಮಯ ದರ ಎಂಬ ದೊಡ್ಡ ಮಾತು ನಾನು ಕೇಳಿದ್ದು ಬಹಳ ತಡವಾಗಿ, ಆದರೆ ವಸ್ತುವನ್ನು ಚಿಕ್ಕಂದಿನಲ್ಲೇ ಕಂಡಿದ್ದೆ. ಬೇಸಿಗೆ ಬಂತೆಂದರೆ ಯಗಟಿ ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ನಮ್ಮ ಹೊಲಕ್ಕೆ ಬರುತ್ತಿದ್ದರು. ಹೊಲದಲ್ಲಿ ಮಂದೆ ತಂಗಿದರೆ ಗೊಬ್ಬರ ನಮಗೆ, ಬದಲಿಗೆ ರಾಗಿ ಅವರಿಗೆ. ಮಳೆ ಚೆನ್ನಾಗಿ ಆದ ವರ್ಷ ರಾಗಿ ಅಗ್ಗ, ಮಂದೆ ತುಟ್ಟಿ. ಮಳೆ ಕೈಕೊಟ್ಟ ವರ್ಷ ಉಲ್ಟಾ. ಜಗಲಿಯ ಮೇಲೆ ಕೂತು ಮಾತಾಡಿ ದರ ಗೊತ್ತುಮಾಡುತ್ತಿದ್ದವಳು ನಮ್ಮಜ್ಜಿ. ಒಂದು ಹಿಡಿ ರಾಗಿಗೂ ಜಗಳವಾಡುವಳು. ಅಳೆದು ಮುಗಿದ ಮೇಲೆ ಮಾತ್ರ ತಾನಾಗಿಯೇ ಇನ್ನೊಂದು ಸೇರು ಮೇಲೆ ಸುರಿದು, "ಇದು ಕುರಿಗಲ್ಲ ಕಣಪ್ಪ, ನಿನ್ ಹೆಂಡ್ತಿಗೆ" ಎನ್ನುವಳು. ಕುರಿಯವನು ತಲೆಯ ಮೇಲಿನ ಕಂಬಳಿ ಸರಿಮಾಡಿಕೊಂಡು ನಗುತ್ತಿದ್ದ. ಆಮೇಲೆ ಎಷ್ಟೋ ಬ್ಯಾಂಕುಗಳ ಕಿಟಕಿಯ ಮುಂದೆ ನಿಂತಿದ್ದೇನೆ, ಮೇಲೊಂದು ಸೇರು ಹಾಕುವ ಅಜ್ಜಿ ಎಲ್ಲೂ ಸಿಗಲಿಲ್ಲ. ಅವಳ ನೆನಪಾದಾಗಲೆಲ್ಲ ಒಣರಾಗಿಯ ಆ ಧೂಳಿನ ವಾಸನೆ ಬೇಕೆನಿಸುತ್ತದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ರೋಗವನ್ನು ನಾನು ಪಕ್ಕದ ಮನೆಗೂ ಅಂಟಿಸಿದೆ. ಪಕ್ಕದ ಮನೆ ಎಂದರೆ ಸುಮಿತ್ರ ಸಿಸ್ಟರದ್ದು. ತರೀಕೆರೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವರು, ಕಮಲಳಿಗೆ ಒಡಹುಟ್ಟಿದವರಿಗಿಂತ ಹೆಚ್ಚು. ಅವರ ಮನೆಯವರು ತಂದೆಯ ಕಾಲದಿಂದ ಬೌದ್ಧರು. ಮುಂದಿನ ಕೋಣೆಯ ಗೋಡೆಯ ಮೇಲೆ ಕಟ್ಟುಹಾಕಿಸಿದ ಒಂದು ಮರದ ಚಿತ್ರವಿದೆ. ಲಂಕೆಯ ಅನುರಾಧಪುರದ ಬೋಧಿವೃಕ್ಷ. ಬುದ್ಧ ಕೂತಿದ್ದ ಮರದ ರೆಂಬೆಯನ್ನು ಅಶೋಕನ ಮಗಳು ಹಡಗಿನಲ್ಲಿ ಕೊಂಡೊಯ್ದು ನೆಡಿಸಿದಳೆಂದು ಹೇಳುವ ಮರ. ಅದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಸಿಸ್ಟರ ತಂದೆಗೆ ಆಸೆಯಿತ್ತು, ಆಗಲಿಲ್ಲ. ಆ ಆಸೆ ಮಗಳಿಗೆ ಬಂತು.

ಅಷ್ಟರಲ್ಲಿ ಲಂಕೆಯ ರೂಪಾಯಿ ಬಿತ್ತು. ಮೊದಲು ನಮ್ಮ ಒಂದು ರೂಪಾಯಿಗೆ ಅವರ ಎರಡೂವರೆ ಚಿಲ್ಲರೆ ಸಿಗುತ್ತಿತ್ತು. ಬೀಳುತ್ತಾ ಬೀಳುತ್ತಾ ನಾಲ್ಕನ್ನೂ ದಾಟಿತು. ಅಲ್ಲಿ ಜನ ಪೆಟ್ರೋಲಿಗೆ, ಗ್ಯಾಸಿಗೆ ಸಾಲುಗಟ್ಟಿ ನಿಂತದ್ದನ್ನು ಟೀವಿಯಲ್ಲಿ ನೋಡಿ ಅಯ್ಯೋ ಪಾಪ ಎಂದವನು, ಟೀವಿ ಆರಿಸಿ ಎದ್ದು ಬಂದು ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದೆ: "ಸಿಸ್ಟರ್, ನಿಮ್ಮ ಲಂಕೆ ಅಗ್ಗ ಆಯ್ತು!" ಅವರ ಮುಖ ಅರಳಿತು. "ಹಂಗಾದ್ರೆ ಗಲಾಟೆ ಮುಗುದ್ಮೇಲೆ ಹೊರಡೋಣ್ವಾ ಅಣ್ಣಾ?" ಎಂದರು. ಗಲಾಟೆ ಮುಗಿಯಿತು. ನಾನು ಹೇಳಿದೆ, ಇನ್ನೂ ಇಳಿಯುವ ಹಾಗಿದೆ, ಐದಕ್ಕೆ ಬರಲಿ, ತಾಳಿ. ಐದಕ್ಕೆ ಬರಲಿಲ್ಲ. ಲಂಕೆಯ ರೂಪಾಯಿ ತಿರುಗಿ ಏರತೊಡಗಿತು. ಮತ್ತೆ ಬಿದ್ದೇ ಬೀಳುತ್ತೆ, ತಾಳಿ ಎಂದೆ. ಅಟ್ಟದ ಮೇಲೆ ಕೊಬ್ಬರಿ ಇಟ್ಟ ಹಾಗೆ ಒಬ್ಬರ ಆಸೆಯನ್ನು ಎತ್ತಿಟ್ಟು ಕೂತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ಈ ನಡುವೆ ಸಿಸ್ಟರ ಮಂಡಿ ಸವೆಯುತ್ತಾ ಬಂತು. ಮೊದಲು ಸಂತೆಗೆ ನಡೆದು ಹೋಗುವುದು ನಿಂತಿತು, ಆಮೇಲೆ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಕಂಬ ಹಿಡಿಯತೊಡಗಿದರು. ಅನುರಾಧಪುರದ ಮರ ಇರುವುದು ಎತ್ತರದ ಕಟ್ಟೆಯ ಮೇಲೆ, ಬರಿಗಾಲಲ್ಲಿ ನಡೆದು ಮೆಟ್ಟಿಲು ಹತ್ತಬೇಕು. ಒಂದು ಬೆಳಿಗ್ಗೆ ನಾನು ಫೋನಿನಲ್ಲಿ ಲಂಕೆಯ ರೇಟು ನೋಡುತ್ತಿದ್ದಾಗ ಬಂದು, ಎದುರಿನ ಕುರ್ಚಿಯಲ್ಲಿ ನಿಧಾನ ಕೂತರು.

"ಟಿಕೆಟ್ ಮಾಡಿಸ್ಬಿಟ್ಟೆ ಅಣ್ಣಾ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ಕಮಲಕ್ಕನ್ನ ಕಳ್ಸಿ."

"ಇನ್ನೊಂಚೂರು ತಾಳಿದ್ರೆ..." ಎಂದೆ.

"ರೇಟು ಇವತ್ತಲ್ಲ ನಾಳೆ ಬತ್ತದೆ. ನನ್ ಕಾಲು ಬತ್ತದಾ?"

ಕಮಲ ಅಡುಗೆಮನೆಯಿಂದಲೇ "ನಾನಂತೂ ಹೊರಟೆ" ಎಂದಳು. ಇಬ್ಬರು ಹೆಂಗಸರು ತೀರ್ಮಾನ ಮಾಡಿದ ಮೇಲೆ ಧಾರಣೆಯ ಮಾತೆತ್ತುವಷ್ಟು ದಡ್ಡ ನಾನಲ್ಲ. ಮೂವರೂ ಹೊರಡುವ ಹೊತ್ತಿಗೆ ದರ ಮೂರೂ ಮುಕ್ಕಾಲರ ಆಸುಪಾಸಿನಲ್ಲಿತ್ತು. ರೈಲಿನುದ್ದಕ್ಕೂ, ವಿಮಾನ ಹತ್ತುವವರೆಗೂ, ಫೋನು ತೆಗೆದು ತೆಗೆದು ದರ ನೋಡಿದೆ.

ಕೊಲಂಬೋ ವಿಮಾನ ನಿಲ್ದಾಣದಲ್ಲಿ ದುಡ್ಡು ಬದಲಾಯಿಸುವ ಗಾಜಿನ ಕಿಟಕಿ ಕಂಡಾಗ ಮಾತ್ರ ತವರಿಗೆ ಬಂದಂತಾಯಿತು. ಕೊಳ್ಳುವುದಕ್ಕೆ ಒಂದು ದರ, ಮಾರುವುದಕ್ಕೆ ಒಂದು ದರ, ನಡುವಿನದು ಅವರ ಜೇಬಿಗೆ. ನಮ್ಮಪ್ಪ ಇದ್ದಿದ್ದರೆ ಕಿಟಕಿಯ ಹಿಂದೆ ಕೂತ ಹುಡುಗಿಯ ಬೆನ್ನು ತಟ್ಟುತ್ತಿದ್ದರು. ಕೈತುಂಬ ನೋಟು ಬಂತು. ಕಮಲ ತನ್ನ ಚೀಲವನ್ನು ಎದೆಗೆ ಅವುಚಿಕೊಂಡು ನಡೆದಳು. ಆ ಗತ್ತು ಹೊರಗಿನ ಹೋಟೆಲಿನವರೆಗೆ ಮಾತ್ರ. ಮೂರು ಟೀಗೆ ಆರುನೂರು ಎಂದ ಕೂಡಲೇ, "ಅಯ್ಯೋ ಶಿವನೇ, ಆರ್ನೂರಾ! ಎದ್ದೇಳ್ರೀ, ಕಡೂರಿನ್ ಬಸ್‌ಸ್ಟ್ಯಾಂಡಲ್ಲಿ ಒಂದ್ ತಿಂಗ್ಳು ಕುಡೀಬಹುದು" ಎಂದು ಎದ್ದೇಬಿಟ್ಟಳು. ಭಾಗಿಸಬೇಕು ಕಣೇ, ಭಾಗಿಸು ಎಂದು ಕೂರಿಸಿದೆ. ಭಾಗಿಸಲು ಕಲಿತ ಮೇಲೆ ಅವಳನ್ನು ಹಿಡಿಯುವವರಿಲ್ಲ. ದಾಲ್ಚಿನ್ನಿ, ಬಾಟಿಕ್ ಬಟ್ಟೆ, ಮರದ ಆನೆ, ಎಲ್ಲವನ್ನೂ ಭಾಗಿಸಿ ಭಾಗಿಸಿ ಕೊಂಡಳು. ನಾನು ಕಂಡಕಂಡಲ್ಲಿ ತೆಂಗಿನಕಾಯಿಯ ಬೆಲೆ ಕೇಳಿದೆ. ಎಷ್ಟು ಭಾಗಿಸಿದರೂ ಅದು ನಮ್ಮೂರಿಗಿಂತ ತುಟ್ಟಿಯಾಗಿತ್ತು. ನನ್ನ ಹತ್ತಿರ ಮಾರಲು ಒಂದೂ ಇಲ್ಲವಲ್ಲ ಎಂದು ಅಲ್ಲೂ ಕೊರಗಿದೆ.

ಇಳಿದ ರೂಪಾಯಿಯ ಊರಲ್ಲಿ ತಿರುಗುವಾಗ ಮನುಷ್ಯನ ನಡಿಗೆಯೇ ಬದಲಾಗುತ್ತದೆ. ಅಜ್ಜಂಪುರದಲ್ಲಿ ಆಟೋದವನ ಜೊತೆ ಹತ್ತು ರೂಪಾಯಿಗೆ ವಾದಿಸುವ ನಾನು ಅಲ್ಲಿ ಧಾರಾಳಿ. ನಾನೇನೂ ದುಡಿದು ಸಂಪಾದಿಸಿದ ದೊಡ್ಡಸ್ತಿಕೆಯಲ್ಲ, ಅವರಿಗೆ ಬಂದ ಕಷ್ಟದಿಂದ ನನಗೆ ಸಿಕ್ಕಿದ್ದು. ಇದು ಆಗಾಗ ಮನಸ್ಸಿಗೆ ಬರುತ್ತಿತ್ತು. ಬಂದಾಗ ವ್ಯಾನಿನ ಕಿಟಕಿಯಿಂದ ಆಚೆ ನೋಡಿ, ಅಬ್ಬಾ ಎಷ್ಟು ಹಸಿರು ಎನ್ನುತ್ತಿದ್ದೆ.

ಅನುರಾಧಪುರಕ್ಕೆ ಹೋದ ದಿನ ಸಿಸ್ಟರು ಬಿಳಿ ಸೀರೆ ಉಟ್ಟಿದ್ದರು. ವಿಹಾರದ ಮುಂದೆ ನೈದಿಲೆ ಹೂ ಮಾರುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಹೂ ಕೊಂಡು, ಚಪ್ಪಲಿಗಳನ್ನು ಅವಳ ಬಳಿಯೇ ಬಿಟ್ಟೆವು. ಮರಳು ಕಾದಿತ್ತು. ಕಮಲ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡೆವು. ಮೆಟ್ಟಿಲ ಬುಡದಲ್ಲಿ ಸಿಸ್ಟರು ನಿಂತು ಮೇಲೆ ನೋಡಿದರು. ಆಗುತ್ತಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಆಗದಿದ್ದರೆ ಅದಕ್ಕೆ ಮಂಡಿಯೊಂದೇ ಕಾರಣವಲ್ಲ ಎಂಬುದು ನನಗೆ ಗೊತ್ತಿತ್ತು. ಒಂದು ಮೆಟ್ಟಿಲು ಹತ್ತಿ ಉಸಿರು ತೆಗೆದುಕೊಂಡರು, ಇನ್ನೊಂದು ಹತ್ತಿದರು. ಹಿಂದೆ ಬರುತ್ತಿದ್ದ ಬಿಳಿಬಟ್ಟೆಯ ಜನ ಅವಸರ ಮಾಡದೆ ನಿಂತರು. ಯಾರೋ ಒಬ್ಬಾಕೆ ಬಂದು ಬೆನ್ನಿಗೆ ಕೈಕೊಟ್ಟಳು. ಹಾಗೆಯೇ ಹತ್ತಿಬಿಟ್ಟರು ಕಣ್ರೀ!

ಚಿತ್ರದಲ್ಲಿ ಕಂಡಂತೆ ಭಾರೀ ಮರವೇನಲ್ಲ. ಹಳೆಯ ಮರ, ತೆಳ್ಳಗಿನ ಕೊಂಬೆಗಳು ಬಾಗಿವೆ. ಬೀಳದಂತೆ ಅವಕ್ಕೆ ಚಿನ್ನದ ಬಣ್ಣದ ಊರೆಗೋಲುಗಳನ್ನು ಕೊಟ್ಟಿದ್ದಾರೆ. ಸಿಸ್ಟರು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖದಲ್ಲಿ ನಗು. "ನೋಡಿ ಅಣ್ಣಾ, ಇದಕ್ಕೂ ಮಂಡಿ ನೋವು. ಊರುಗೋಲು ಕೊಟ್ಟವ್ರೆ" ಎಂದರು. ಆಮೇಲೆ ತಂದೆಯ ಹೆಸರು ಹೇಳಿ ಹೂ ಇಟ್ಟರು. ಹೆಂಗಸರಿಬ್ಬರನ್ನೂ ಅಲ್ಲೇ ಕೂರಲು ಬಿಟ್ಟು, ಕಾಲು ಸುಡುತ್ತಿದೆ ಎಂಬ ನೆಪ ಹೇಳಿ ಕೆಳಗಿಳಿದು ಬಂದೆ.

ಹೂವಿನ ಮುದುಕಿಯ ಹೆಸರು ಸೋಮಾವತಿ. ಅಲ್ಲೇ ಕೂತಿದ್ದ ನಮ್ಮ ವ್ಯಾನಿನ ಡ್ರೈವರು ತಮಿಳು ಮಾತಿನವನು, ಸಿಂಹಳವೂ ಬಲ್ಲವನು. ಈರುಳ್ಳಿ ಲಾರಿಯವರಿಂದ ನಾನು ಕಲಿತ ತಮಿಳಿನಲ್ಲಿ ಅರ್ಧ ಬೈಗುಳವೇ ಆದರೂ, ಉಳಿದರ್ಧದಲ್ಲಿ ಹೇಗೋ ಮಾತುಕತೆ ನಡೆಯಿತು. ನಾವು ಯಾವ ದೇಶದವರೆಂದು ಕೇಳಿದಳು. ಇಂಡಿಯಾ ಎಂದ ಕೂಡಲೇ ಹೂ ಕೆಳಗಿಟ್ಟು ಕೈಮುಗಿದಳು. "ದಂಬದಿವ!" ಎಂದಳು. ನಮ್ಮ ಪುರೋಹಿತರು ಸಂಕಲ್ಪದಲ್ಲಿ ಹೇಳುವ ಜಂಬೂದ್ವೀಪವೇ ಅವರ ಬಾಯಲ್ಲಿ ದಂಬದಿವ. ಬುದ್ಧ ನಡೆದಾಡಿದ ನಾಡು. ಸಾಯುವ ಮುಂಚೆ ಒಮ್ಮೆ ದಂಬದಿವಕ್ಕೆ ಹೋಗಿ ಬುದ್ಧಗಯೆಯ ಮರ ನೋಡಬೇಕೆಂಬುದು ಅಲ್ಲಿಯ ಹೆಂಗಸರ ದೊಡ್ಡ ಆಸೆಯಂತೆ. ಅವಳೂ ಊರವರ ಜೊತೆ ಹೊರಟು ನಿಂತಿದ್ದಳಂತೆ. ಅಷ್ಟರಲ್ಲಿ ಅವರ ರೂಪಾಯಿ ಬಿತ್ತು. ಯಾತ್ರೆಯ ಖರ್ಚು ಕೈಗೆಟುಕದೆ ಹೋಗಿ ಎಲ್ಲರೂ ನಿಂತುಬಿಟ್ಟರು.

ಲಂಕೆ ಅಗ್ಗವಾಯಿತು ಎಂದು ನಾನು ಕಾಂಪೌಂಡಿನ ಮೇಲಿಂದ ಕೂಗಿದಾಗಲೇ ಇವಳಿಗೆ ದಂಬದಿವ ತುಟ್ಟಿಯಾಗಿತ್ತು. ಐದಕ್ಕೆ ಬರಲಿ ಎಂದು ನಾನು ಬೆಳಗಾದರೆ ಹಾರೈಸಿದ್ದು ಇವಳ ದಾರಿಗೆ ಅಡ್ಡ. ತಕ್ಕಡಿಯ ಮುಂದೆಯೇ ಹುಟ್ಟಿ ಬೆಳೆದವನು ನಾನು, ಒಂದು ತಟ್ಟೆ ಏರಿದರೆ ಇನ್ನೊಂದು ಇಳಿಯುತ್ತದೆಂದು ಗೊತ್ತಿತ್ತು. ಇನ್ನೊಂದರ ಪಕ್ಕದಲ್ಲಿ ಮನುಷ್ಯರು ಕೂತಿರುತ್ತಾರೆ ಎಂದು ನೋಡಿರಲಿಲ್ಲ.

ಡ್ರೈವರು ಅವಳ ಕೊನೆಯ ಮಾತನ್ನು ತಮಿಳಿಗೆ ತಿರುಗಿಸಿದ. ಈಗ ರೂಪಾಯಿ ಸ್ವಲ್ಪ ಸ್ವಲ್ಪ ಸುಧಾರಿಸುತ್ತಿದೆಯಂತೆ, ಇನ್ನಷ್ಟು ಸುಧಾರಿಸಿದರೆ ಹೋಗುತ್ತಾಳಂತೆ, ನೀವು ವ್ಯಾಪಾರಸ್ಥರಂತೆ ಕಾಣುತ್ತೀರಿ, ಎಷ್ಟು ದಿನ ಕಾಯಬೇಕಾಗಬಹುದು ಎಂದು ಕೇಳುತ್ತಿದ್ದಾಳೆ ಎಂದ. ಜೀವಮಾನವೆಲ್ಲ ಕೇಳಿದವರಿಗೂ ಕೇಳದವರಿಗೂ ಧಾರಣೆ ಭವಿಷ್ಯ ಹೇಳಿದ ನಾನು ಬಗ್ಗಿ ಚಪ್ಪಲಿ ಹುಡುಕತೊಡಗಿದೆ. ಅವಳು ನನ್ನ ಚಪ್ಪಲಿಯನ್ನು ಮುಂದೆ ಸರಿಸಿಟ್ಟು ಏಳಲು ಹೋದಳು. ನೆಲಕ್ಕೆ ಕೈಯೂರಿದರೂ ಏಳಲಾಗಲಿಲ್ಲ, ಡ್ರೈವರು ತೋಳು ಹಿಡಿದು ಎಬ್ಬಿಸಿದ. ವಾಪಸು ಬರುವಾಗ ವ್ಯಾನಿನಲ್ಲಿ ಇದನ್ನೆಲ್ಲ ಹೆಂಗಸರಿಗೆ ಹೇಳಿದೆ. ಕಮಲ ಮಡಿಲಲ್ಲಿದ್ದ ಮರದ ಆನೆಯನ್ನು ಚೀಲದ ತಳಕ್ಕೆ ಸೇರಿಸಿದಳು.

ಊರಿಗೆ ಬಂದದ್ದಾಯಿತು. ಪತ್ರಿಕೆಯ ಪುಟದಲ್ಲಿ ಲಂಕೆಯ ರೂಪಾಯಿ ಬರುವುದಿಲ್ಲ, ಹಾಗಾಗಿ ಈಗ ಕೊಬ್ಬರಿಗಿಂತ ಮೊದಲು ಫೋನು. ಮೊನ್ನೆ ಬೆಳಿಗ್ಗೆ ನೋಡಿದರೆ ದರ ಮೂರೂವರೆಗೆ ಇಳಿದಿತ್ತು. "ಇಳೀತು ಕಣೇ!" ಎಂದು ಕೂಗಿದೆ.

"ಏನು, ಕೊಬ್ಬರೀನಾ?" ಎಂದು ಕಮಲ ಗಾಬರಿಯಿಂದ ಹೊರಗೆ ಬಂದಳು.

"ಅಲ್ಲ, ನಮ್ ರೂಪಾಯಿ. ಲಂಕೆ ಲೆಕ್ಕದಲ್ಲಿ."

"ನಮಗೆ ಲುಕ್ಸಾನಾದ್ರೆ ಹಿಂಗ್ ಕುಣಿಯೋರ್ನ ನಾನೆಲ್ಲೂ ಕಾಣ್ಲಿಲ್ಲ ಬಿಡ್ರೀ" ಎಂದಳು, ಆದರೆ ತಾನೂ ಬಗ್ಗಿ ಫೋನು ನೋಡಿದಳು.

ಕಾಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಸುಮಿತ್ರ ಸಿಸ್ಟರಿಗೆ ಕೇಳಿಸಿತು. "ಎಷ್ಟಕ್ಕೆ ಬಂತು ಅಣ್ಣಾ? ಹೂವಿನ ಆಯಮ್ಮ ಹೊರಡ್ಬಹುದಾ?"

"ಹೊರಡ್ಲಿ ಸಿಸ್ಟರ್" ಎಂದೆ, "ಎಷ್ಟಾದ್ರೂ ಇರ್ಲಿ, ಈಗ್ಲೇ ಹೊರಡ್ಲಿ."