ಬೆನ್ನಿಲ್ಲದ ಕಿರೀಟ

ಆ ಮನುಷ್ಯನ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಮದ್ರಾಸಿನ ನಮ್ಮ ಕನ್ನಡಿಗರ ಕೂಟ ದಸರೆಗೆ ಒಂದು ಪೌರಾಣಿಕ ನಾಟಕ ಆಡುವುದೆಂದು ತೀರ್ಮಾನವಾಯಿತು. ರಾಜನ ಪಾತ್ರ ನನ್ನದು. ತಿರುವಲ್ಲಿಕ್ಕೇಣಿಯ ನಮ್ಮ ಬೀದಿಯಲ್ಲಿ ಅಮ್ಮ ಆ ಸುದ್ದಿ ಹೇಳದ ಮನೆ ಉಳಿಯಲಿಲ್ಲ. ನಾನೂ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಚ್ಚಲಮನೆಯಲ್ಲಿ ಗರ್ಜಿಸುತ್ತಿದ್ದೆ.

ಅಷ್ಟರಲ್ಲಿ, ಮೈಸೂರಿನಿಂದ ವರ್ಗವಾಗಿ ಬಂದು ಕೀಲ್ಪಾಕಿನಲ್ಲಿ ಮನೆ ಮಾಡಿದ್ದ ಅಧಿಕಾರಿಯೊಬ್ಬರು ಕೂಟದ ಕಾರ್ಯದರ್ಶಿಯಾದರು. ನನ್ನ ತಾಲೀಮು ನೋಡಿ ಎಲ್ಲರ ಎದುರೇ ಮೂಗು ಮುರಿದರು.

“ನಿಮ್ಮ ಕನ್ನಡ ತಮಿಳು ವಾಸನೆ ಹೊಡೆಯುತ್ತೆ ಕಣ್ರೀ. ರಾಜ ಹೀಗೆ ಮಾತಾಡಿದ್ರೆ ಜನ ನಗೋಲ್ವೆ?”

ಪಾತ್ರವನ್ನು ಅವರೇ ತೆಗೆದುಕೊಂಡರು. ಮಾತೆಲ್ಲ ನನಗೆ ಗೊತ್ತಿದೆಯಲ್ಲ ಎಂದು, ಪರದೆಯ ಮರೆಯಲ್ಲಿ ನಿಂತು ಮರೆತವರಿಗೆ ಪಿಸುಗುಟ್ಟುವ ಕೆಲಸವನ್ನು ನನಗೆ ಕೊಟ್ಟರು. “ಪರವಾಯಿಲ್ಲ ಬಿಡೋ ಕಣ್ಣಾ” ಎಂದಳು ಅಮ್ಮ. ಆದರೆ ಮರುದಿನದಿಂದ ಬೀದಿಯ ನಲ್ಲಿಗೆ ಹೋಗುವುದನ್ನು ಬಿಟ್ಟಳು. ಅಲ್ಲಿ ನಾಲ್ಕು ಜನ ಕೇಳುತ್ತಾರಲ್ಲ! ಕೊಡ ಹೊತ್ತು ನಾನೇ ಹೋಗುತ್ತಿದ್ದೆ. ನನಗಾದ ಅವಮಾನವನ್ನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ, ಅವಳದನ್ನು ನುಂಗಲಾಗಲಿಲ್ಲ.

ಆಗ ನಾನು ಕೋಡಂಬಾಕಂನ ಒಂದು ಸ್ಟುಡಿಯೋದಲ್ಲಿ ಸೆಟ್ಟಿಗೆ ಬೇಕಾದ ಸಾಮಾನು ತಯಾರಿಸುವವರ ಜೊತೆ ಕೆಲಸಕ್ಕಿದ್ದೆ. ಆ ವರ್ಷ ಊರಿಗೆ ಊರೇ ನೋಡಿದ ಒಂದು ಚಿತ್ರದ ಕಿರೀಟ ನಮ್ಮಲ್ಲೇ ತಯಾರಾದದ್ದು. ಕಾರ್ಯದರ್ಶಿಗೆ ಅದು ಗೊತ್ತಾಯಿತು.

“ನನಗೆ ಅದೇ ಕಿರೀಟ ಬೇಕು. ಸಿನಿಮಾದ್ದು ಹೇಗಿದೆಯೋ ಹಾಗೇ. ಒಂದು ಮಣಿ ಕೂಡ ಆಚೀಚೆ ಆಗ್ಬಾರ್ದು.”

“ಹಾಗೇ ಮಾಡ್ತೀನಿ ಸಾರ್” ಎಂದೆ. ಅಂಥ ಸಂತೋಷದಿಂದ ಯಾವ ಕೆಲಸವನ್ನೂ ನಾನು ಒಪ್ಪಿಕೊಂಡಿರಲಿಲ್ಲ.

ಸಿನಿಮಾದ ಕಿರೀಟಕ್ಕೆ ಬೆನ್ನಿರುವುದಿಲ್ಲ. ಕ್ಯಾಮೆರಾ ನೋಡುವಷ್ಟಕ್ಕೇ ಚಿನ್ನ, ಹಿಂಭಾಗವೆಲ್ಲ ಬರೀ ಅಂಟಿಸಿದ ಕಾಗದ. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದುದೇ ಹಾಗೆ. ನಾನು ಅಸಲನ್ನು ಎದುರಿಗಿಟ್ಟುಕೊಂಡು ಜೇಡಿಮಣ್ಣಿನ ಅಚ್ಚು ಮಾಡಿದೆ. ಹುಣಸೆಬೀಜದ ಅಂಟಿನಲ್ಲಿ ಕಾಗದವನ್ನು ಪದರಪದರವಾಗಿ ಹಚ್ಚಿ ಒಣಗಿಸಿದೆ. ಮುಂದುಗಡೆಗೆ ಚಿನ್ನದ ಬಣ್ಣದ ಬೇಗಡೆ ಹಾಳೆ, ಗಾಜಿನ ಹರಳು, ಮುತ್ತಿನ ಸಾಲು. ಒಂದು ಹರಳು ಅಸಲಿನಲ್ಲಿ ತುಸು ವಾರೆಯಾಗಿತ್ತು. ಅದನ್ನೂ ವಾರೆಯಾಗಿಯೇ ಕೂರಿಸಿದೆ. ಹಿಂದುಗಡೆ ಅಸಲಿನಲ್ಲಿದ್ದಂತೆ ತಮಿಳು ಪತ್ರಿಕೆಯ ಹಾಳೆ. ಆದರೆ ಯಾವ ಹಾಳೆ ಎಂಬುದನ್ನು ಆರಿಸಿದವನು ನಾನು.

ನಾಟಕದ ದಿನ ಕಿರೀಟವನ್ನು ನಾನೇ ಅವರ ತಲೆಗಿಟ್ಟು ದಾರ ಬಿಗಿದೆ. ಅವರು ಕನ್ನಡಿಯಲ್ಲಿ ಎದುರಿನಿಂದ ನೋಡಿಕೊಂಡು, “ಭೇಷ್!” ಎಂದರು.

ರಾಜ ಸಭೆಗೆ ಬಂದು, ಜನರಿಗೆ ಬೆನ್ನು ಮಾಡಿ ಸಿಂಹಾಸನದ ಮೆಟ್ಟಿಲು ಹತ್ತಬೇಕು. ಹತ್ತಿದರು. ಮುಂದೆ ಜಮಖಾನದ ಮೇಲೆ ಕೂತಿದ್ದವು ನಮ್ಮ ಮಕ್ಕಳು. ತಮಿಳು ಶಾಲೆಗೆ ಹೋಗುವ ಅವಕ್ಕೆ ಕನ್ನಡ ಓದಲು ಬಾರದು. ರಾಜನ ತಲೆಯ ಹಿಂದಿದ್ದ ದಪ್ಪಕ್ಷರ ಮಾತ್ರ ಚೆನ್ನಾಗಿ ಓದಲು ಬಂತು.

“ತಲೈಮುಡಿ ಉದಿರ್ಗಿರದಾ?” ಎಂದು ಎಲ್ಲವೂ ಒಟ್ಟಿಗೆ ಕೂಗಿದವು. ಕೂದಲು ಉದುರುತ್ತಿದೆಯೇ ಎಂದು ಕೇಳುವ ಎಣ್ಣೆಯ ಜಾಹೀರಾತು ಅದು.

ಸಭೆ ಬಿದ್ದು ಬಿದ್ದು ನಕ್ಕಿತು. ರಾಜರು ಗಾಬರಿಯಿಂದ ತಿರುಗಿದರು, ತಲೆ ಮುಟ್ಟಿ ನೋಡಿಕೊಂಡರು. ಆ ಗಡಿಬಿಡಿಯಲ್ಲಿ ಮಾತು ಪೂರಾ ಮರೆತುಹೋಯಿತು. ಪರದೆಯ ಮರೆಯಲ್ಲಿದ್ದ ನನ್ನ ಕಡೆ ನೋಡಿದರು.

ನಾನು ತುಟಿ ಬಿಚ್ಚಲಿಲ್ಲ. ಅವರ ಹಣೆಯ ಬೆವರು ಬಣ್ಣವನ್ನು ಕರಗಿಸಿಕೊಂಡು ಇಳಿಯುವುದನ್ನು ಕಣ್ತುಂಬ ನೋಡಿದೆ.

“ಹೇಳೋ… ದಮ್ಮಯ್ಯ” ಎಂದರು, ನನಗಷ್ಟೇ ಕೇಳುವಂತೆ.

ಹೇಳಿದೆ. ಆದರೆ ಪಿಸುಗುಟ್ಟಲಿಲ್ಲ. ಎದೆಯುಬ್ಬಿಸಿ, ಕಡೆಯ ಸಾಲಿಗೂ ಮುಟ್ಟುವಂತೆ, ನನ್ನ ಮನೆಯ ಕನ್ನಡದಲ್ಲೇ ರಾಜನ ಮಾತನ್ನು ಶುರುಮಾಡಿದೆ. ಅವರಿಗೆ ಬೇರೆ ದಾರಿ ಇರಲಿಲ್ಲ, ಬಾಯಿ ಆಡಿಸಿದರು. ನಗು ನಿಂತಿತು. ನಾನು ನಿಲ್ಲಿಸಲಿಲ್ಲ. ಆ ಅಂಕ ಮುಗಿಯುವವರೆಗೂ ಅವರಿಗೆ ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ.

ಕೊನೆಯ ಮಾತಿಗೆ ಚಪ್ಪಾಳೆ ಬಿತ್ತು. ಅವರು ಕೈಮುಗಿಯಲು ಮುಂದೆ ಬಂದರು. ಹೆಂಗಸರ ಸಾಲಿನಲ್ಲಿ ಅಮ್ಮ ಎದ್ದು ನಿಂತಿದ್ದಳು. ಅವರ ಕಡೆ ತಿರುಗಿಯೂ ನೋಡದೆ, ನಾನಿದ್ದ ಪರದೆಯತ್ತ ಕೈ ತೋರಿಸಿ ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಹೇಳುತ್ತಿದ್ದಳು:

“ರಾಜ ಅಲ್ಲಿ ಇದಾನೆ ಪಾರು, ಆ ಮೂಲೇಲಿ. ನನ್ನ ಮಗ.”